ಹೆಸರು ಮರೆತ ಇಂಡಿ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮ ಕನ್ನಡ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ತೊದಲಿದ್ದನ್ನು ತೆಗೆದು, ಅವಸರದಲ್ಲಿ ಬಿಟ್ಟಿದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಕೂತಿರುವ ಈ ನೀಲಿ ಡಬ್ಬ ನೋಡಿ, ಒಳಗೆ ಬರುವಾಗಲೇ ಇಬ್ಬರು "ಏನ್ ಸಾರ್, ಹಳೇ ವಿಸಿಆರ್ ತಂದಿದ್ದೀರಾ?" ಅಂತ ಕೇಳಿದರು. ಇದರ ಹೆಸರು ಇಂಡಿ. ವಿಜಯಪುರ ಜಿಲ್ಲೆಯವರು ಯಾರಾದರೂ ಇದ್ದರೆ ಹಿಗ್ಗಬೇಡಿ, ನಿಮ್ಮ ನಿಂಬೆಹಣ್ಣಿನ ಇಂಡಿಗೂ ಇದಕ್ಕೂ ಸಂಬಂಧವಿಲ್ಲ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ, ಅಂದರೆ ಎಸ್‌ಜಿಐ, 1993ರಲ್ಲಿ ಮಾರುಕಟ್ಟೆಗೆ ಬಿಟ್ಟ ವರ್ಕ್‌ಸ್ಟೇಷನ್, ಅಂದರೆ ಭಾರೀ ಕೆಲಸಕ್ಕೆ ಅಂತ ಮಾಡಿದ ಕಂಪ್ಯೂಟರ್ ಇದು. ಇದನ್ನು ರೂಪಿಸಿದ ಊರು ಮೌಂಟನ್ ವ್ಯೂ. ಇಲ್ಲಿಂದ ಕಾರಿನಲ್ಲಿ ಹದಿನೈದು ನಿಮಿಷ.

ನನ್ನ ಗ್ಯಾರೇಜಿನಲ್ಲಿ ಇಂಥವು ಒಟ್ಟು ಏಳಿವೆ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಏಳರ ಕಥೆಯನ್ನೂ ಹೇಳಿದರೆ ಹಿಂದೆ ಕಾಯುತ್ತಿರುವ ಬೋಂಡ ತಣ್ಣಗಾಗುತ್ತದೆ, ಆದ್ದರಿಂದ ಒಂದರ ಕಥೆ ಸಾಕು. ಉಳಿದವು ನಡುವೆ ಇಣುಕಿ ಹೋಗುತ್ತವೆ.

ಮೊದಲು ಈ ಕಂಪನಿ ಏನು ಮಾಡಿತು ಅನ್ನುವುದು. ಚಿಕ್ಕವರಿಗೆ ಎಸ್‌ಜಿಐ ಹೆಸರೇ ಗೊತ್ತಿರುವುದಿಲ್ಲ. ಜಿಮ್ ಕ್ಲಾರ್ಕ್ ಅನ್ನುವವರು ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದಾಗ, ತಮ್ಮ ವಿದ್ಯಾರ್ಥಿ ಮಾರ್ಕ್ ಹ್ಯಾನ ಜೊತೆ ಸೇರಿ ಒಂದು ಚಿಪ್ ಮಾಡಿದರು, ಜಾಮಿಟ್ರಿ ಎಂಜಿನ್ ಅಂತ. ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ ಗುಣಿಸಿ ಬೆರಳು ಸವೆಸಿಕೊಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೂರು ಆಯಾಮದ ಒಂದು ವಸ್ತುವನ್ನು ಪರದೆಯ ಮೇಲೆ ತಿರುಗಿಸಬೇಕಾದರೆ ಅದರ ಒಂದೊಂದು ಬಿಂದುವನ್ನೂ ನಾಲ್ಕಕ್ಕೆ ನಾಲ್ಕರ ಮ್ಯಾಟ್ರಿಕ್ಸಿನಿಂದ ಗುಣಿಸಬೇಕು. ಒಂದು ಬಿಂದುವಿಗೆ 16 ಗುಣಾಕಾರ, 12 ಸಂಕಲನ. ಬಿಂದುಗಳು ಸಾವಿರಾರು, ಅದೂ ಸೆಕೆಂಡಿಗೆ ಹತ್ತಾರು ಸಲ. ಆಗಿನ ಸಾಮಾನ್ಯ ಪ್ರೊಸೆಸರಿಗೆ ಇದನ್ನು ಕೊಟ್ಟರೆ ಅದು ಸಂಜೆವರೆಗೆ ಲೆಕ್ಕ ಮಾಡುತ್ತಾ ಕೂರುತ್ತಿತ್ತು. ಕ್ಲಾರ್ಕ್ ಈ ಕೆಲಸಕ್ಕೇ ಅಂತ 12 ಚಿಪ್‌ಗಳ ಸಾಲು ಕಟ್ಟಿದರು. ಮೊದಲ ನಾಲ್ಕು ಮ್ಯಾಟ್ರಿಕ್ಸ್ ಗುಣಿಸುತ್ತವೆ. ಆಮೇಲಿನ ಆರು ನೋಟದ ಆಚೆ ಹೋದದ್ದನ್ನು ಕತ್ತರಿಸುತ್ತವೆ: ಎಡ, ಬಲ, ಮೇಲೆ, ಕೆಳಗೆ, ಹತ್ತಿರ, ದೂರ, ಒಂದೊಂದು ಗೋಡೆಗೆ ಒಂದೊಂದು. ಕೊನೆಯ ಎರಡು, ಉಳಿದದ್ದನ್ನು ಪರದೆಯ ಅಳತೆಗೆ ಇಳಿಸುತ್ತವೆ. ಮದುವೆ ಮನೆಯಲ್ಲಿ ಎಲೆ ಹಾಕುವವನು, ಉಪ್ಪು ಬಡಿಸುವವನು, ಪಲ್ಯದವನು ಸಾಲಾಗಿ ಬರುತ್ತಾರಲ್ಲ, ಹಾಗೆ. ಯಾರೂ ಹಿಂದಕ್ಕೆ ನೋಡುವುದಿಲ್ಲ, ಪಂಕ್ತಿ ನಿಲ್ಲುವುದಿಲ್ಲ.

ಆ ಚಿಪ್ಪಿನ ಮೇಲೆ 1980ರ ದಶಕದ ಶುರುವಿನಲ್ಲಿ ಕಂಪನಿ ಎದ್ದಿತು. 1990ರ ದಶಕದ ಮಧ್ಯಕ್ಕೆ ಬರುವಾಗ, ಹಾಲಿವುಡ್ಡಿನ ಡೈನೋಸಾರಿನಿಂದ ಹಿಡಿದು ವಿಮಾನದ ಸಿಮ್ಯುಲೇಟರ್, ತೈಲ ಹುಡುಕುವವರ ಭೂಗರ್ಭದ ನಕ್ಷೆ, ಆಸ್ಪತ್ರೆಯ ಸ್ಕ್ಯಾನ್, ಔಷಧ ಕಂಪನಿಯ ಅಣುರಚನೆವರೆಗೆ ಎಲ್ಲದರ ಹಿಂದೆಯೂ ಇವರ ಯಂತ್ರ. ನಿಂಟೆಂಡೊ 64 ಆಟದ ಪೆಟ್ಟಿಗೆಯ ಒಳಗಿನ ಚಿಪ್ಪುಗಳ ವಿನ್ಯಾಸವೂ ಇವರದೇ. ಮೂರು ಆಯಾಮದ ಚಿತ್ರ ಬಿಡಿಸಲು ತಂತ್ರಾಂಶಗಳು ಇವತ್ತಿಗೂ ಬಳಸುವ ಓಪನ್‌ಜಿಎಲ್ 1992ರಲ್ಲಿ ಇವರ ಮನೆಯಿಂದಲೇ ಹೊರಬಂತು. ಇನ್ನೊಂದು ಮಾತು: ಈ ಸಭೆಯಲ್ಲಿ ಕನಿಷ್ಠ ಹತ್ತು ಜನ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿದ್ದೀರಿ. ನಿಮ್ಮಲ್ಲಿ ಎಷ್ಟೋ ಜನ ದಿನಾ ಬಳಸುವ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆ ಹುಟ್ಟಿದ್ದು ಇವರ ಐರಿಕ್ಸ್ ಅನ್ನುವ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್‌ಗಾಗಿ. ಬೆಂಗಳೂರಿನ ಯಾವುದೋ ಡೇಟಾ ಸೆಂಟರಿನಲ್ಲಿ ನಿಮ್ಮ ಅಮ್ಮನ ಪಿಂಚಣಿ ಲೆಕ್ಕ ಅದರ ಮೇಲೇ ಕೂತಿದ್ದರೂ ಆಶ್ಚರ್ಯವಿಲ್ಲ.

ಬಿದ್ದದ್ದೂ ಅಷ್ಟೇ ಜೋರಾಗಿ. ಪಿಸಿಗೆ ಸಿಕ್ಕಿಸುವ ಕೆಲವು ನೂರು ಡಾಲರಿನ ಗ್ರಾಫಿಕ್ಸ್ ಕಾರ್ಡ್ ಬಂತು. ಅಂಥ ಕಾರ್ಡಿಗೆ ಚಿಪ್ ಮಾಡಿದ 3ಡಿಎಫ್‌ಎಕ್ಸ್ ಕಂಪನಿ ಕಟ್ಟಿದವರೂ ಎಸ್‌ಜಿಐ ಬಿಟ್ಟು ಹೋದವರೇ. ಕ್ಲಾರ್ಕ್ ಅದಕ್ಕೂ ಮೊದಲೇ, 1994ರಲ್ಲಿ, ಹೊರಟು ಹೋಗಿ ನೆಟ್‌ಸ್ಕೇಪ್ ಶುರು ಮಾಡಿದ್ದರು. 2006ರಲ್ಲಿ ಒಂದು ಸಲ, 2009ರಲ್ಲಿ ಇನ್ನೊಂದು ಸಲ ದಿವಾಳಿ. ಇವತ್ತು ಗೂಗಲ್‌ಪ್ಲೆಕ್ಸ್ ಅಂತ ನೆಂಟರಿಗೆ ತೋರಿಸಲು ಕರೆದುಕೊಂಡು ಹೋಗುತ್ತೀರಲ್ಲ, ಆ ಕಟ್ಟಡಗಳನ್ನು ಕಟ್ಟಿಸಿದ್ದು ಎಸ್‌ಜಿಐ. ಶೋರ್‌ಲೈನ್ ರಸ್ತೆಯ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಇರುವ ಕಟ್ಟಡವೂ ಒಂದು ಕಾಲಕ್ಕೆ ಇವರದೇ. ಮ್ಯೂಸಿಯಂ ಆಗುವುದಕ್ಕೆ ಅದಕ್ಕಿಂತ ಯೋಗ್ಯ ಕಟ್ಟಡ ಸಿಗುತ್ತಿರಲಿಲ್ಲ ಅಂತ ನಾವು ಸಂಗ್ರಾಹಕರು ಸ್ವಲ್ಪ ಕಹಿಯಾಗಿಯೇ ನಗುತ್ತೇವೆ.

ಹೀಗೆ ಒಂದು ಕಾಲದಲ್ಲಿ ಸಾವಿರಗಟ್ಟಲೆ ಡಾಲರ್ ಬಾಳುತ್ತಿದ್ದ ಯಂತ್ರಗಳು ಗುಜರಿಗೆ ಬಿದ್ದವು. ನಾನು ಈ ಊರಿಗೆ ಬಂದ ಹೊಸದರಲ್ಲಿ ಸನಿವೇಲ್‌ನ ವಿಯರ್ಡ್ ಸ್ಟಫ್ ಅನ್ನುವ ಹಳೇ ಸಾಮಾನಿನ ಮಳಿಗೆಯಲ್ಲಿ ಇವುಗಳನ್ನು ಅಡಕೆ ಮೂಟೆಯ ಹಾಗೆ ಪೇರಿಸಿಟ್ಟಿದ್ದು ನೋಡಿದ್ದೇನೆ. ಬೆಂಗಳೂರಿನ ಎಸ್‌.ಪಿ. ರಸ್ತೆ ಗೊತ್ತಿದ್ದವರಿಗೆ ಅಲ್ಲಿ ಹೋದರೆ ಮನೆಗೆ ಹೋದ ಹಾಗಾಗುತ್ತಿತ್ತು. 2018ರಲ್ಲಿ ಅದು ಮುಚ್ಚಿತು. ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ತಿಂಗಳಿಗೊಮ್ಮೆ ಬೆಳಗಿನ ಜಾವ ಎಲೆಕ್ಟ್ರಾನಿಕ್ಸ್ ಸಂತೆ ನಡೆಯುತ್ತಿತ್ತು. ಟಾರ್ಚ್ ಹಿಡಿದು ಹೋಗಬೇಕು. ಬೆಳಕು ಹರಿಯುವ ಹೊತ್ತಿಗೆ ಒಳ್ಳೆಯದೆಲ್ಲ ಬೇರೆಯವರ ಡಿಕ್ಕಿ ಸೇರಿರುತ್ತದೆ. ಈ ಇಂಡಿ ನನಗೆ ಸಿಕ್ಕಿದ್ದು ಅಲ್ಲೇ, 40 ಡಾಲರಿಗೆ. ಮಾರಿದಾತ "ಆನ್ ಆಗುತ್ತೋ ಇಲ್ಲವೋ ಗೊತ್ತಿಲ್ಲ" ಅಂದ. ಅಂದರೆ ಆನ್ ಆಗುವುದಿಲ್ಲ ಅಂತ ಅರ್ಥ.

ಆಗ ನಮ್ಮ ಮಾವ ಊರಿಂದ ಬಂದಿದ್ದರು. ಡಬ್ಬ ಒಳಗೆ ತರುವಾಗ ಸೋಫಾದಿಂದ ತಲೆ ಎತ್ತಿ, "ಅಳಿಯಂದಿರೇ, ಇದನ್ನ ತಗೊಂಡು ಹೋಗೋಕೆ ಅವರೇ ನಿಮಗೆ ದುಡ್ಡು ಕೊಟ್ರಾ?" ಅಂತ ಕೇಳಿದರು. ಅವರು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ನೆನಪಿರಲಿ, ಇವರು ಮತ್ತೆ ಬರುತ್ತಾರೆ.

ಹೊಸದಾಗಿ ಈ ಹುಚ್ಚು ಹಿಡಿದವರು ಮನೆಗೆ ತಂದ ಕೂಡಲೇ ಪ್ಲಗ್ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಮೊದಲ ಪರೀಕ್ಷೆ ಮೂಗಿನದು. ಮುಚ್ಚಳ ತೆಗೆದು ಮೂಸಿ ನೋಡಿ. ಹಳೇ ಕೆಪಾಸಿಟರ್ ಸೋರಿದ್ದರೆ ಹಸಿ ಮೀನಿನ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಮೀನು ತರುವುದಿಲ್ಲ, ಹಾಗಾಗಿ ನನಗೆ ಈ ಪರೀಕ್ಷೆ ಸುಲಭ. ಇದರ ಪವರ್ ಸಪ್ಲೈ ಸಣ್ಣಗೆ ನಾರುತ್ತಿತ್ತು. ಬಿಚ್ಚಿ, ಊದಿದ್ದ ನಾಲ್ಕು ಕೆಪಾಸಿಟರ್ ಬದಲಿಸಿದೆ. ಪಾದದ ರಬ್ಬರು ಕರಗಿ ಬೆಲ್ಲದ ಪಾಕದ ಹಾಗಾಗಿತ್ತು, ಒರೆಸಿ ತೆಗೆದೆ. ಇವೆಲ್ಲ ಮಾಮೂಲಿ ಕೆಲಸ.

ಮಾಮೂಲಿಯಲ್ಲದ ಕೆಲಸ ಡಿಸ್ಕ್‌ನದು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ, ಉಳಿದದ್ದೆಲ್ಲ ಒಗ್ಗರಣೆ: ಹಳೇ ಯಂತ್ರ ಕೈಗೆ ಬಂದರೆ, ಅದನ್ನು ರಿಪೇರಿ ಮಾಡುವ ಮುಂಚೆ, ತೊಳೆಯುವ ಮುಂಚೆ, ಫೋಟೋ ತೆಗೆದು ಹಂಚಿಕೊಳ್ಳುವ ಮುಂಚೆ, ಡಿಸ್ಕ್ ತೆಗೆದು ನಕಲು ಮಾಡಿಕೊಳ್ಳಿ. ಬೋರ್ಡು ಇನ್ನೊಂದು ಸಿಗುತ್ತದೆ. ಡಬ್ಬ ಇನ್ನೊಂದು ಸಿಗುತ್ತದೆ. ಆ ಡಿಸ್ಕ್‌ನಲ್ಲಿ ಇರುವುದು ಮಾತ್ರ ಜಗತ್ತಿನಲ್ಲಿ ಅಲ್ಲೊಂದೇ ಕಡೆ ಇರುತ್ತದೆ, ಎಷ್ಟೋ ಸಲ.

ಇದರಲ್ಲಿದ್ದದ್ದು ಸ್ಕಸಿ ಅನ್ನುವ ಹಳೇ ಜೋಡಣೆಯ ಡಿಸ್ಕ್, ಐವತ್ತು ಪಿನ್ನಿನದು. ಹಳೇ ಪಿಸಿಯೊಂದಕ್ಕೆ ಸ್ಕಸಿ ಕಾರ್ಡ್ ಹಾಕಿ, ಲಿನಕ್ಸ್ ಬೂಟ್ ಮಾಡಿ, ಜೋಡಿಸಿದೆ. ಕರೆಂಟ್ ಕೊಟ್ಟರೆ ಕ್ಲಿಕ್ ಅಂತ ಒಂದು ಸದ್ದು, ಆಮೇಲೆ ಮೌನ. ವರ್ಷಗಟ್ಟಲೆ ನಿಂತ ಡಿಸ್ಕ್‌ಗಳಲ್ಲಿ ಓದುವ ತಲೆ ತಟ್ಟೆಗೆ ಅಂಟಿಕೊಂಡುಬಿಡುತ್ತದೆ. ಕೈಯಲ್ಲಿ ಚಪ್ಪಟೆಯಾಗಿ ಹಿಡಿದು, ಜಾಡಿಯ ಮುಚ್ಚಳ ತಿರುಗಿಸುವ ಹಾಗೆ ಮಣಿಕಟ್ಟನ್ನು ಸರಕ್ಕನೆ ಒಂದು ಸಲ ತಿರುಗಿಸಬೇಕು. ಬಡಿಯಬಾರದು. ಮೂರನೇ ಸಲಕ್ಕೆ ತಿರುಗಿತು, ಒಣ ಕೊಬ್ಬರಿ ತುರಿದ ಹಾಗೆ ಶಬ್ದ ಮಾಡುತ್ತಾ. ಡಿಡಿ-ರೆಸ್ಕ್ಯೂ ಅನ್ನುವ ತಂತ್ರಾಂಶ ಓಡಿಸಿದೆ. ಅದರ ಜಾಣತನ ಏನೆಂದರೆ, ಕೆಟ್ಟ ಜಾಗ ಸಿಕ್ಕರೆ ಅಲ್ಲೇ ತಿಣುಕದೆ ಬಿಟ್ಟು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಬಿಟ್ಟದ್ದಕ್ಕೆ ವಾಪಸ್ ಬರುತ್ತದೆ. ಪರೀಕ್ಷೆಯಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದೂ ಅದನ್ನೇ. ರಾತ್ರಿ ಹನ್ನೊಂದಕ್ಕೆ ನಕಲು ಮುಗಿಯಿತು, ಕೆಲವೇ ಸೆಕ್ಟರ್ ಬಿಟ್ಟು ಎಲ್ಲ ಬಂದಿತ್ತು. ಮರುದಿನ ಬೆಳಿಗ್ಗೆ ಆ ಡಿಸ್ಕ್ ಮತ್ತೆ ತಿರುಗಲಿಲ್ಲ. ಇವತ್ತಿಗೂ ತಿರುಗಿಲ್ಲ. ಕಾಗದ ಹಾರದ ಹಾಗೆ ಮೇಲಿಡಲು ಬಳಸುತ್ತಿದ್ದೇನೆ.

ಡಿಸ್ಕ್‌ನಲ್ಲಿ ಏನಿತ್ತು? ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಇದು ಯಾರೋ ಒಬ್ಬರ ಮೇಜಿನ ಮೇಲಿದ್ದ ಯಂತ್ರ. ಅವರ ಪತ್ರಗಳಿರುತ್ತವೆ, ಸಂಬಳದ ವಿಷಯ ಇರುತ್ತದೆ. ಮೊದಮೊದಲು ಎಲ್ಲವನ್ನೂ ತೆರೆದು ನೋಡುತ್ತಿದ್ದೆ, ಕೆಟ್ಟ ಕುತೂಹಲ. ಒಂದು ಸಲ ಇನ್ನೊಂದು ಯಂತ್ರದಲ್ಲಿ ಒಬ್ಬರು ತಮ್ಮ ಅಕ್ಕನಿಗೆ ಬರೆದ ಪತ್ರ ಅರ್ಧ ಓದಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಅವತ್ತಿನಿಂದ ಮೇಲ್ ಮತ್ತು ಖಾಸಗಿ ಫೋಲ್ಡರ್‌ಗಳನ್ನು ಮುಟ್ಟುವುದಿಲ್ಲ. ನಕಲು ಯಾರಿಗೂ ಕೊಡುವುದಿಲ್ಲ. ಸಿಸ್ಟಮ್ ಮತ್ತು ತಂತ್ರಾಂಶಗಳಷ್ಟನ್ನು ಬೇರೆ ತೆಗೆದಿಡುತ್ತೇನೆ. ಸಂಗ್ರಾಹಕರಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ. "ಎಲ್ಲವೂ ಇತಿಹಾಸ" ಅನ್ನುತ್ತಾರೆ. ಇರಬಹುದು, ಆದರೆ ಅದು ಅವರ ಇತಿಹಾಸ, ನನ್ನದಲ್ಲ.

ಇದರಲ್ಲಿ ಕಣ್ಣಿಗೆ ಬಿದ್ದದ್ದು ಒಂದು ಮಾಡೆಲಿಂಗ್ ತಂತ್ರಾಂಶ ಮತ್ತು ಅದರಲ್ಲಿ ಮಾಡಿದ ಒಂದಷ್ಟು ಮಾದರಿಗಳು. ಯಾವುದೋ ವಿನ್ಯಾಸ ಸಂಸ್ಥೆಯ ಯಂತ್ರ ಇರಬೇಕು. ಫೈಲುಗಳ ಗಾತ್ರ, ತಾರೀಕು ಕಾಣುತ್ತದೆ, ಒಳಗೇನಿದೆ ಅಂತ ಈಗಿನ ಯಾವ ತಂತ್ರಾಂಶವೂ ಹೇಳುವುದಿಲ್ಲ. ತೆರೆಯಬೇಕಾದರೆ ಇಂಡಿಯಲ್ಲೇ, ಅದೇ ತಂತ್ರಾಂಶದಲ್ಲೇ ತೆರೆಯಬೇಕು.

ಸರಿ, ಈಗಿನ ಕಾಲದ ಒಂದು ಸಣ್ಣ ಬೋರ್ಡು ಸಿಗುತ್ತದೆ, ಮೆಮೊರಿ ಕಾರ್ಡನ್ನು ಸ್ಕಸಿ ಡಿಸ್ಕ್ ಅಂತ ನಂಬಿಸುವಂಥದ್ದು. ಅದಕ್ಕೆ ನಕಲು ಬರೆದು ಇಂಡಿಗೆ ಹಾಕಿದೆ. ಮೂಲ ಡಿಸ್ಕೇ ಇರಬೇಕು, ಅದರ ಗರಗರ ಸದ್ದೇ ಅದರ ಜೀವ ಅನ್ನುವ ಮಡಿವಂತರಿದ್ದಾರೆ. ಅವರ ಜೊತೆ ವಾದಕ್ಕೆ ನಾನು ಹೋಗುವುದಿಲ್ಲ, ಕಾಗದದ ಮೇಲಿಟ್ಟ ಡಿಸ್ಕ್ ತೋರಿಸುತ್ತೇನೆ ಅಷ್ಟೆ.

ಮಾನಿಟರ್ ಜೋಡಿಸುವುದು ಇನ್ನೊಂದು ರಾಮಾಯಣ. ಇದರ ಹಿಂದೆ 13ಡಬ್ಲ್ಯು3 ಅನ್ನುವ ಕನೆಕ್ಟರ್ ಇದೆ, ಮೂರು ದಪ್ಪ ತೂತು, ಹತ್ತು ಸಣ್ಣ ಪಿನ್. ಸನ್ ಕಂಪನಿಯ ಯಂತ್ರಗಳಿಗೂ ನೋಡಲು ಇದೇ ಕನೆಕ್ಟರ್. ನಾನು ಆ ಕೇಬಲ್ ತಂದೆ. ಒಳಗಿನ ಪಿನ್‌ಗಳ ಜೋಡಣೆ ಬೇರೆ, ಹದಿನೆಂಟು ಡಾಲರ್ ನೀರಿಗೆ ಬಿತ್ತು. ಸರಿಯಾದ ಕೇಬಲ್ ಬಂದ ಮೇಲೂ ಹೊಸ ಮಾನಿಟರ್ ಕಪ್ಪಗೇ ಇತ್ತು. ಪರದೆಯ ಗೆರೆಗಳಿಗೆ ತಾಳ ಹಾಕುವ ಸಂಕೇತವನ್ನು ಬೇರೆ ತಂತಿಯಲ್ಲಿ ಕಳಿಸದೆ ಹಸಿರು ಬಣ್ಣದ ತಂತಿಯ ಮೇಲೇ ಹೊರಿಸಿ ಕಳಿಸುವುದು ಇವರ ಪದ್ಧತಿ. ಈಗಿನ ಬಹಳ ಮಾನಿಟರ್‌ಗಳಿಗೆ ಆ ಭಾಷೆ ತಿಳಿಯುವುದಿಲ್ಲ. ಕೆಲವು ಅರ್ಧ ತಿಳಿದುಕೊಂಡು ಇಡೀ ಚಿತ್ರವನ್ನು ಪಾಚಿ ಕಟ್ಟಿದ ಕೆರೆಯ ಹಾಗೆ ತೋರಿಸುತ್ತವೆ. ನಾಲ್ಕನೇ ಮಾನಿಟರ್ ಒಪ್ಪಿತು. ಅದೇ ಇವತ್ತು ಇಲ್ಲಿರುವುದು, ಅದಕ್ಕೇ ಪಕ್ಕದಲ್ಲಿ ಯಾರೂ ನೀರಿನ ಬಾಟಲಿ ಇಡಬೇಡಿ.

ಆನ್ ಆದಾಗ ಇಂಡಿ ಒಂದು ಚಿಕ್ಕ ರಾಗ ನುಡಿಸುತ್ತದೆ. ಆ ರಾಗ ಕೇಳಿದ ದಿನ ನನ್ನ ಹೆಂಡತಿ ಒಳಗಿನಿಂದ "ರೀ, ಗೇಟಿಗೆ ಯಾರೋ ಬಂದ್ರು ನೋಡಿ" ಅಂದಳು. ಐರಿಕ್ಸ್ ಮೇಲೆದ್ದಿತು. ಪಾಸ್‌ವರ್ಡ್ ಕೇಳಿತು. ಐರಿಕ್ಸ್‌ನ ಹಳೇ ಗುಟ್ಟೊಂದಿದೆ: ಗೆಸ್ಟ್, ಡೆಮೋಸ್, ಎಲ್‌ಪಿ ಅಂತ ಕೆಲವು ಖಾತೆಗಳನ್ನು ಪಾಸ್‌ವರ್ಡ್ ಇಲ್ಲದೆಯೇ ಕಾರ್ಖಾನೆಯಿಂದ ಕಳಿಸುತ್ತಿದ್ದರು. ಆಗಿನ ಜಗತ್ತು ಹಾಗಿತ್ತು, ನಮ್ಮ ಊರಿನ ಮನೆಗಳಿಗೆ ಹಗಲು ಹೊತ್ತು ಬೀಗ ಇರಲಿಲ್ಲವಲ್ಲ ಹಾಗೆ. ಆದರೆ ನನಗೆ ರೂಟ್, ಅಂದರೆ ಇಡೀ ಯಂತ್ರದ ಯಜಮಾನನ ಖಾತೆ, ಬೇಕಿತ್ತು. ಈ ಡಿಸ್ಕ್‌ನಲ್ಲಿದ್ದ, ಎಕ್ಸ್‌ಎಫ್‌ಎಸ್‌ಗಿಂತ ಹಳೆಯದಾದ ಇಎಫ್‌ಎಸ್ ಕಡತ ವ್ಯವಸ್ಥೆಯನ್ನು ಲಿನಕ್ಸ್ ಓದುತ್ತದೆಯೇ ಹೊರತು ಬರೆಯುವುದಿಲ್ಲ. ಹಾಗಾಗಿ ನಕಲನ್ನು ಒಂದೊಂದು ಬೈಟನ್ನೂ ನೇರವಾಗಿ ತಿದ್ದುವ ಹೆಕ್ಸ್ ಎಡಿಟರಿನಲ್ಲಿ ತೆರೆದು, ಪಾಸ್‌ವರ್ಡ್ ಕಡತದಲ್ಲಿ ರೂಟ್ ಮುಂದೆ ಗುಪ್ತಲಿಪಿಯಲ್ಲಿದ್ದ ಹದಿಮೂರು ಅಕ್ಷರ ಹುಡುಕಿ, ನನಗೆ ಗೊತ್ತಿರುವ ಪಾಸ್‌ವರ್ಡಿನ ಹದಿಮೂರು ಅಕ್ಷರ ಅದರ ಮೇಲೆ ಕೂರಿಸಿದೆ. ಉದ್ದ ಒಂದೇ ಇದ್ದರೆ ಕಡತ ವ್ಯವಸ್ಥೆಗೆ ಏನೂ ಗೊತ್ತಾಗುವುದಿಲ್ಲ.

ಒಳಗೆ ಹೋಗಿ ಮಾಡೆಲಿಂಗ್ ತಂತ್ರಾಂಶ ಒತ್ತಿದೆ. ಲೈಸೆನ್ಸ್ ಇಲ್ಲ ಅಂತ ಮುಚ್ಚಿಕೊಂಡಿತು.

ಹೇಗೆ ಇಲ್ಲದಿರುತ್ತದೆ? ಅದೇ ಡಿಸ್ಕ್, ಅದೇ ಯಂತ್ರ. ಕಾರಣ ಹುಡುಕುತ್ತಾ ಹೋದರೆ ಒಂದು ಸಣ್ಣ ಕಪ್ಪು ಇಟ್ಟಿಗೆಯ ಹತ್ತಿರ ಬಂದು ನಿಂತೆ. ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿಯ ಡಿಎಸ್1386 ಚಿಪ್. ಗಡಿಯಾರ ಮತ್ತು ಸ್ವಲ್ಪ ನೆನಪು, ಎರಡೂ ಅದರಲ್ಲೇ. ಕರೆಂಟ್ ಇಲ್ಲದಾಗಲೂ ಅದು ಬದುಕಿರಲಿ ಅಂತ ಒಳಗೇ ಒಂದು ಲಿಥಿಯಂ ಬ್ಯಾಟರಿ ಇಟ್ಟು, ಮೇಲೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಸುರಿದು ಮುಚ್ಚಿಬಿಟ್ಟಿದ್ದಾರೆ. ಬ್ಯಾಟರಿ ಬದಲಿಸುವ ದಾರಿಯೇ ಇಲ್ಲ. ಹತ್ತು ವರ್ಷ ಬಾಳಿಕೆ ಅಂತ ಲೆಕ್ಕ ಹಾಕಿದ್ದರು. ಹತ್ತು ವರ್ಷದ ಮೇಲೆ ಇದನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂದುಕೊಂಡಿರಬೇಕು, ಪಾಪ.

ಇಂಡಿ ತನ್ನ ಈಥರ್‌ನೆಟ್ ವಿಳಾಸವನ್ನು, ಅಂದರೆ ಜಾಲದಲ್ಲಿ ತನ್ನನ್ನು ಗುರುತಿಸುವ ಸಂಖ್ಯೆಯನ್ನು, ಇಡುವುದು ಆ ಚಿಪ್ಪಿನಲ್ಲಿ. ಬ್ಯಾಟರಿ ಸತ್ತರೆ ವಿಳಾಸ ಅಳಿಸಿಹೋಗುತ್ತದೆ. ನನ್ನದರಲ್ಲಿ ಎಲ್ಲಾ ಎಫ್ ಎಫ್ ಅಂತ ತೋರಿಸುತ್ತಿತ್ತು. ಯಂತ್ರದ ಗುರುತಿನ ಸಂಖ್ಯೆ ಹುಟ್ಟುವುದು ಆ ವಿಳಾಸದಿಂದ. ತಂತ್ರಾಂಶದ ಲೈಸೆನ್ಸ್ ಕಟ್ಟಿಹಾಕಿರುವುದು ಆ ಗುರುತಿಗೆ. ಅಂದರೆ ಎರಡು ಮೂರು ಡಾಲರಿನ ಒಂದು ಬ್ಯಾಟರಿ ಖಾಲಿಯಾದರೆ ಯಂತ್ರ ತನ್ನ ಹೆಸರು ಮರೆಯುತ್ತದೆ, ಹೆಸರು ಹೇಳದವನನ್ನು ಲೈಸೆನ್ಸ್ ಒಳಗೆ ಬಿಡುವುದಿಲ್ಲ, ಒಳಗೆ ಹೋಗದೆ ಫೈಲ್ ತೆರೆಯುವುದಿಲ್ಲ. ಎಲ್ಲಾ ದಾಖಲೆ ಇದ್ದೂ ಗುರುತಿನ ಚೀಟಿ ಇಲ್ಲ ಅಂತ ತಾಲೂಕು ಕಚೇರಿ ಸುತ್ತಿದವರಿಗೆ ಈ ಸಂಕಟ ಹೊಸದೇನಲ್ಲ. ಇದರ ಅಣ್ಣ ಇಂಡಿಗೋ2ರಲ್ಲಿ ವಿಳಾಸ ಇಡುವುದಕ್ಕೆ ಬ್ಯಾಟರಿ ಬೇಡದ ಬೇರೆ ಚಿಪ್ ಇದೆ, ಅದಕ್ಕೆ ಈ ರೋಗ ಇಲ್ಲ. ಇಂಡಿ ಅಗ್ಗದ ಮಾಡೆಲ್, ಉಳಿತಾಯ ಮಾಡಿದರು. ಜಾಮಿಟ್ರಿ ಎಂಜಿನ್ ಬಗ್ಗೆ ಅಷ್ಟು ಹೊಗಳಿದೆನಲ್ಲ, ಈ ಡಬ್ಬದಲ್ಲಿ ಅದೂ ಇಲ್ಲ, ಆ ಲೆಕ್ಕವನ್ನೂ ಮುಖ್ಯ ಪ್ರೊಸೆಸರೇ ಮಾಡಬೇಕು. ಶುರುವಿನ ಮಾಡೆಲಿಗೆ 16 ಎಂಬಿ ಮೆಮೊರಿ ಮಾತ್ರ ಕೊಟ್ಟು, ಅದರ ಮೇಲೆ ಐರಿಕ್ಸ್ ತೆವಳಿ, ಕಂಪನಿಯ ಒಳಗಿನವರೇ ಬೈದುಕೊಂಡರು. ಇಂಡಿಗೋದಿಂದ 'ಗೋ' ತೆಗೆದರೆ ಇಂಡಿ ಅಂತ ಆಗಲೇ ಒಂದು ಜೋಕು ಇತ್ತು.

ಹೆಸರು ಎಲ್ಲಿಂದ ತರುವುದು? ಇಂಡಿಯ ಹಿಂದೆ ಒಂದು ಚೀಟಿ ಇರುತ್ತದೆ, ಸೀರಿಯಲ್ ನಂಬರೇ ಈಥರ್‌ನೆಟ್ ವಿಳಾಸ. ನನ್ನದರಲ್ಲಿ ಆ ಚೀಟಿಯನ್ನು ಯಾರೋ ಆಸ್ತಿ ಪಟ್ಟಿಯ ಸ್ಟಿಕ್ಕರ್ ಕೀಳುವಾಗ ಅದರ ಜೊತೆಗೇ ಕಿತ್ತಿದ್ದರು, ಗೋಂದಿನ ಕಲೆ ಮಾತ್ರ ಉಳಿದಿತ್ತು. ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಲೈಸೆನ್ಸ್ ಕಟ್ಟಿಹಾಕಿರುವುದು ಗುರುತಿಗಾದರೆ, ಆ ಗುರುತು ಲೈಸೆನ್ಸ್ ಕಡತದಲ್ಲೇ ಬರೆದಿರಬೇಕಲ್ಲ? ನಕಲು ತೆರೆದೆ. ಕಡತದ ಮೂರನೇ ಸಾಲಿನಲ್ಲಿ ಇತ್ತು, 69ರಿಂದ ಶುರುವಾಗುವ ಎಂಟು ಅಕ್ಷರ. ಆ ಕಾಲದ ಎಸ್‌ಜಿಐ ಯಂತ್ರಗಳ ವಿಳಾಸ 08:00:69 ಅಂತ ಶುರುವಾಗುತ್ತದೆ. ಮುಂದಿನ ಆರು ಅಕ್ಷರ ಸೇರಿಸಿದರೆ ಪೂರ್ತಿ ಹೆಸರು. ಅವತ್ತು ರಾತ್ರಿ ಡಿಸ್ಕ್ ನಕಲು ಮಾಡದೆ ಮೊದಲು ಡಬ್ಬ ತೊಳೆಯಲು ಕೂತಿದ್ದರೆ, ಆ ಮೂರನೇ ಸಾಲು ಈಗ ಕಾಗದದ ಮೇಲಿನ ಭಾರದೊಳಗೆ ಇರುತ್ತಿತ್ತು.

ಈಗ ಚಿಪ್. ಹೊಸದನ್ನು ಕೊಳ್ಳುವ ದಾರಿ ಇತ್ತು. ಆದರೆ ಹೊಸದು ಅಂತ ಮಾರುವ ಎಷ್ಟೋ ಚಿಪ್‌ಗಳು ಹಳೇ ಬೋರ್ಡಿನಿಂದ ಕಿತ್ತು, ಮೇಲೆ ಹೊಸ ತಾರೀಕು ಮುದ್ರಿಸಿದವು. ಮೊದಲು ಒಂದು ಸಲ ಹಾಗೆ ಕೊಂಡು ಸತ್ತ ಬ್ಯಾಟರಿಗೇ ದುಡ್ಡು ಕೊಟ್ಟಿದ್ದೆ. ಹಾಗಾಗಿ ಕೊರೆಯುವ ದಾರಿ. ಎಪಾಕ್ಸಿಯನ್ನು ಒಂದು ಮೂಲೆಯಲ್ಲಿ ತೇಯುತ್ತಾ ಹೋಗಿ, ಒಳಗಿನ ಬ್ಯಾಟರಿಯ ಎರಡು ತಂತಿ ಕಂಡ ಕೂಡಲೇ ನಿಲ್ಲಿಸಿ, ಹಳೇ ಬ್ಯಾಟರಿಯ ಕಡೆ ತುಂಡು ಮಾಡಿ, ಚಿಪ್ಪಿನ ಕಡೆಗೆ ಹೊಸ ನಾಣ್ಯದ ಬ್ಯಾಟರಿಯ ಹಿಡಿಕೆ ಬೆಸೆಯಬೇಕು. ಅರ್ಧ ಮಿಲಿಮೀಟರ್ ಹೆಚ್ಚು ತೇದರೆ ಚಿಪ್ ಹೋಯಿತು. ನಾನು ತಿರುಗುವ ಗ್ರೈಂಡರ್ ಕೈಗೆತ್ತಿಕೊಂಡೆ.

ಮಾವ ಹಿಂದೆ ನಿಂತಿದ್ದರು. "ಅದನ್ನ ಕೆಳಗಿಡಿ" ಅಂದರು. "ಒಳಗಡೆ ಶೆಲ್ ಇದೆ ಅಂತೀರಾ?"

"ಹೌದು ಮಾವ."

"ಅರ ಇದೆಯಾ ಮನೆಯಲ್ಲಿ? ಸಣ್ಣದು. ಮತ್ತೆ ನಿಮ್ಮ ಮಗಳ ಕೈಲಿ ಆ ಭೂತಕನ್ನಡಿ ಇಸ್ಕೊಂಡು ಬನ್ನಿ."

ಅಡುಗೆ ಮನೆಯ ಕಿಟಕಿ ಪಕ್ಕ ಕೂತರು. ಮೂಗಿಗೆ ಬಟ್ಟೆ ಕಟ್ಟಿಸಿದೆ, ಎಪಾಕ್ಸಿ ಪುಡಿ ಎದೆಗೆ ಒಳ್ಳೆಯದಲ್ಲ. ಚಿಪ್ಪನ್ನು ಒಂದು ಮರದ ಬಟ್ಟೆ ಕ್ಲಿಪ್ಪಿನಲ್ಲಿ ಕಚ್ಚಿಸಿ, ಅರವನ್ನು ಒಂದೇ ದಿಕ್ಕಿಗೆ, ಮುಂದಕ್ಕೆ ಮಾತ್ರ, ಎಳೆಯುತ್ತಿದ್ದರು. ಹಿಂದಕ್ಕೆ ತರುವಾಗ ಎತ್ತಿಕೊಳ್ಳುವರು. ಹತ್ತು ಸಲ ಎಳೆದು ಒಂದು ಸಲ ಊದಿ ನೋಡುವುದು. ಅವಸರವೇ ಇಲ್ಲ. ಕಪ್ಪು ಪುಡಿಯ ನಡುವೆ ಎಳ್ಳಿನಷ್ಟು ಒಂದು ಹೊಳಪು ಕಂಡಿತು. "ಹಿತ್ತಾಳೆನೋ ಏನೋ ಇಲ್ಲಿ ಮಿಂಚ್ತಾ ಇದೆ, ನೋಡಿ ಇದೇನಾ" ಅಂದರು. ಮಲ್ಟಿಮೀಟರ್ ಇಟ್ಟೆ. ಮೂರು ವೋಲ್ಟ್ ಇರಬೇಕಾದ ಕಡೆ ಸೊನ್ನೆ ಪಾಯಿಂಟ್ ನಾಲ್ಕು. ಅದೇ. ಒಟ್ಟು ಒಂದೂವರೆ ಗಂಟೆ ಹಿಡಿಯಿತು. ಅವರ ಕೈಗೆ ಆಗ 71 ವರ್ಷ.

ಬೆಸುಗೆ ನಾನು ಹಾಕಿದೆ. ಅದು ಅಷ್ಟು ಚೆನ್ನಾಗಿಲ್ಲ, ಆಮೇಲೆ ಮುಚ್ಚಳ ತೆಗೆದು ತೋರಿಸುತ್ತೇನೆ, ಬೆಸುಗೆ ನೋಡಿ ನಗಬೇಡಿ.

ಇಷ್ಟರಲ್ಲಿ ಉಳಿದ ಆರು ಯಂತ್ರಗಳ ಬಗ್ಗೆ ಎರಡು ಮಾತು, ಯಾಕೆಂದರೆ ಪ್ರತಿಯೊಂದಕ್ಕೂ ಅದರದೇ ಮುನಿಸಿದೆ. 1996ರ ಓ2 ನೋಡಲು ಬಹಳ ಚಂದ, ಆದರೆ ಅದರ ಪ್ಲಾಸ್ಟಿಕ್ ಹಪ್ಪಳವಾಗಿದೆ. ಪೂರ್ವ ತೀರದ ಒಬ್ಬರಿಂದ ತರಿಸಿದ್ದು ಡಬ್ಬ ತೆರೆದಾಗ ಚೂರು ಚೂರಾಗಿತ್ತು. ಕಳಿಸಿದವರು ಸುತ್ತಿದ್ದು ಒಂದೇ ಪದರ ಗುಳ್ಳೆ ಹಾಳೆ. ಈಗ ಓ2 ಬೇಕಾದರೆ ಕಾರಿನಲ್ಲಿ ಹೋಗಿ ತೊಡೆಯ ಮೇಲಿಟ್ಟು ತರುತ್ತೇನೆ. ಆಕ್ಟೇನ್‌ನಲ್ಲಿ ಬೋರ್ಡುಗಳು ಕೂಡುವ ಜಾಗದಲ್ಲಿ ಪಿನ್ ಬದಲು ಕೂದಲಿನಂಥ ಚಿನ್ನದ ಬಿರುಗೂದಲುಗಳ ಗುಂಪು, ಒತ್ತಿ ಕೂರುವಂಥದ್ದು. ಬೆರಳು ತಾಗಿದರೆ ಬಾಗುತ್ತವೆ, ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಧೂಳಿದೆ ಅಂತ ಒರೆಸಲು ಹೋದ ಪ್ರತಿಯೊಬ್ಬನೂ ಒಂದೊಂದು ಬೋರ್ಡು ಕಳೆದುಕೊಂಡಿದ್ದಾನೆ, ನಾನೂ ಸೇರಿ. ಓನಿಕ್ಸ್ ರ‍್ಯಾಕ್ ನನ್ನಲ್ಲಿಲ್ಲ. ಅದು ಫ್ರಿಜ್ಜಿನಷ್ಟು ದೊಡ್ಡದು, ಇಲ್ಲಿನ ಮನೆಯ ಮಾಮೂಲಿ ಪ್ಲಗ್ಗಿನಲ್ಲಿ ಓಡುವುದಿಲ್ಲ, ಬಟ್ಟೆ ಒಣಗಿಸುವ ಯಂತ್ರದ ಲೈನ್ ಬೇಕು. ಮನೆಯಲ್ಲಿ ಕೇಳಿ ನೋಡಿದೆ. ಬಟ್ಟೆ ಒಣಗುವುದೇ ಮುಖ್ಯ ಅಂತ ತೀರ್ಮಾನವಾಯಿತು.

ಹಳದಿಯಾದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ಪದ್ಧತಿ ಇದೆ. ಬೂದು ಬಣ್ಣದ ಪಿಸಿಗಳಿಗೆ ಮಾಡಿಕೊಳ್ಳಲಿ. ಇಂಥ ನೀಲಿ, ನೇರಳೆ ಬಣ್ಣಕ್ಕೆ ಬೇಡ, ಬಣ್ಣವೇ ಹೋಗುತ್ತದೆ. ಒದ್ದೆ ಬಟ್ಟೆ ಸಾಕು. ಹಳೇ ಟ್ಯೂಬ್ ಮಾನಿಟರ್ ಇದ್ದರೆ ಅದರ ಬೆನ್ನು ಬಿಚ್ಚಲೇಬೇಡಿ. ಒಳಗೆ ಸಾವಿರಾರು ವೋಲ್ಟ್, ಪ್ಲಗ್ ತೆಗೆದ ಮೇಲೂ ಕೂತಿರುತ್ತದೆ.

ಹಳೇ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಿಸುವ ತಂತ್ರಾಂಶ, ಎಮ್ಯುಲೇಟರ್, ಇದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳುತ್ತೀರಿ. ಇದೆ. ಮೇಮ್ ಅನ್ನುವ ಎಮ್ಯುಲೇಟರಿನಲ್ಲಿ ಇಂಡಿ ಓಡುತ್ತದೆ, ಐರಿಕ್ಸ್ ಮೇಲೇಳುತ್ತದೆ. ಬಹಳ ನಿಧಾನ, ಆದರೆ ಇವತ್ತಲ್ಲ ನಾಳೆ ವೇಗವಾಗುತ್ತದೆ, ಅದರ ಮೇಲೆ ನನಗೆ ಗೌರವ ಇದೆ. ಐವತ್ತು ವರ್ಷದ ಮೇಲೆ ಉಳಿಯುವುದು ಬಹುಶಃ ಅದೇ, ನನ್ನ ಗ್ಯಾರೇಜಲ್ಲ. ಆದರೆ ಎಮ್ಯುಲೇಟರಿಗೂ ಒಳಗೆ ಹಾಕಲು ಡಿಸ್ಕ್ ಬೇಕು, ಹೆಸರು ಬೇಕು. ಅವನ್ನು ಈ ಡಬ್ಬಗಳಿಂದಲೇ ಎತ್ತಬೇಕು, ಅದೂ ಅವು ತಿರುಗುವುದು ನಿಲ್ಲುವ ಮುಂಚೆ. ಊರಿನಲ್ಲಿ ಯಾವುದಾದರೂ ಕಾಲೇಜಿನ, ಸಂಶೋಧನಾ ಸಂಸ್ಥೆಯ ಸ್ಟೋರ್ ರೂಮಿನಲ್ಲಿ ಕಂಡಮ್ ಮಾಡಿಟ್ಟ ಇಂಥ ಯಂತ್ರ ನಿಮಗೆ ಗೊತ್ತಿದ್ದರೆ, ಹರಾಜಿಗೆ ಹೋಗುವ ಮುಂಚೆ ಡಿಸ್ಕ್ ನಕಲಿಗೆ ಅನುಮತಿ ಕೇಳಿ. ಡಬ್ಬ ಹೋದರೆ ಹೋಗಲಿ.

ಚಿಪ್ ಸಾಕೆಟ್ಟಿನಲ್ಲಿ ಕೂರಿಸಿ, ಪರದೆಯಲ್ಲಿ ಬರುವ ಆಯ್ಕೆಗಳಲ್ಲಿ ಕಮ್ಯಾಂಡ್ ಮಾನಿಟರ್ ಅನ್ನುವುದನ್ನು ಒತ್ತಿ, ಒಂದು ಸಾಲು ಟೈಪ್ ಮಾಡಿದೆ: ಈಥರ್‌ನೆಟ್ ವಿಳಾಸ ಇದು, ಬರೆದುಕೋ. ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಮರೆತಿರಲಿಲ್ಲ. ತಂತ್ರಾಂಶ ತೆರೆಯಿತು, ಲೈಸೆನ್ಸ್ ಚಕಾರ ಎತ್ತಲಿಲ್ಲ. ಮೊದಲ ಫೈಲ್ ಒತ್ತಿದೆ. ಗೆರೆಗಳು ಒಂದೊಂದಾಗಿ ಬಂದವು, ಒಂದು ಬಾಗಿದ ಬೆನ್ನು, ಚೂಪು ಮೂತಿ, ಒಂದು ಹಿಡಿಕೆ. ಮೌಸ್ ಗುಂಡಿ ಒತ್ತಿ ಎಳೆದರೆ ನಿಧಾನವಾಗಿ ತಿರುಗಿತು.

ಮಾವ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. "ಇದು ಇಸ್ತ್ರಿ ಪೆಟ್ಟಿಗೆ ಅಲ್ವೇನ್ರೀ?"

ಹೌದು, ಇಸ್ತ್ರಿ ಪೆಟ್ಟಿಗೆ. ಯಾರೋ ಒಬ್ಬರು ತಿಂಗಳುಗಟ್ಟಲೆ ಕೂತು ಹಿಡಿಕೆಯ ಬಾಗು ತಿದ್ದಿದ್ದಾರೆ. ಅದೇ ಫೋಲ್ಡರಿನಲ್ಲಿ ಹತ್ತೊಂಬತ್ತು ಹಿಡಿಕೆಗಳಿವೆ.

"ಒಂದೂವರೆ ಗಂಟೆ ತೇದಿದ್ದು ಇಸ್ತ್ರಿ ಪೆಟ್ಟಿಗೆಗಾ," ಅಂದರು ಮಾವ. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಕಡೆ ತಿರುಗಿಸಿ, ಹಿಡಿ ಹೇಗೆ ಕೂರಿಸಿದಾರೆ ನೋಡೋಣ" ಅಂದರು. ಆಮೇಲೆ ಹತ್ತೊಂಬತ್ತನ್ನೂ ತೆರೆಸಿ ನೋಡಿ, ಏಳನೆಯದು ಕೈಗೆ ಸರಿ ಹೊಂದುತ್ತದೆ ಅಂತ ತೀರ್ಪು ಕೊಟ್ಟು ಮಲಗಲು ಹೋದರು.

ಆ ಏಳನೆಯದನ್ನೇ ಈಗ ಪರದೆಯ ಮೇಲೆ ತೆರೆದಿಟ್ಟಿದ್ದೇನೆ. ಪ್ರಶ್ನೆಗಳಿದ್ದರೆ ಬೋಂಡ ತಿನ್ನುತ್ತಾ ಕೇಳಿ. ಮಕ್ಕಳು ಬಂದು ಮೌಸ್ ಹಿಡಿದು ತಿರುಗಿಸಬಹುದು, ಕೈ ಒರೆಸಿಕೊಂಡು ಬನ್ನಿ. ಪ್ಲಗ್ ಮಾತ್ರ ಯಾರೂ ಮುಟ್ಟಬೇಡಿ, ಇದು ಮತ್ತೆ ಮೇಲೇಳಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ.